ಬಳೆ: ಒಂದು ಚಾರಿತ್ರಿಕ ಆಧಾರ

ರಾಜಕೀಯ ಇತಿಹಾಸವನ್ನು ಬರೆಯುವವನಿಗೆ ಶಾಸನ, ತಾಮ್ರಪಟ, ನಾಣ್ಯ ಇವು ಮುಖ್ಯ ಆಧಾರಗಳೆಂಬುದು ಸರ್ವವಿದಿತವಾದ ಸಂಗತಿ. ಆದರೆ ಮನೆಯೊಳಗಿನ ಬಾಳು, ಸ್ತ್ರೀಯರ ಸ್ವತ್ತು, ಕುಶಲಕರ್ಮಿಗಳ ದುಡಿಮೆ ಇವುಗಳ ಇತಿಹಾಸಕ್ಕೆ ಶಾಸನಗಳು ಅಲ್ಪವಾಗಿ ಮಾತ್ರ ನೆರವಾಗುತ್ತವೆ. ಅಂಥ ಕಡೆ ನಿತ್ಯದ ವಸ್ತುಗಳನ್ನೇ ಆಧಾರಗಳನ್ನಾಗಿ ಓದಬೇಕಾಗುತ್ತದೆ. ಅವುಗಳಲ್ಲಿ ಬಳೆಯೂ ಒಂದು. ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳನ್ನು ದೃಷ್ಟಿಯಲ್ಲಿರಿಸಿಕೊಂಡು, ಬಳೆಯ ಸಾಕ್ಷ್ಯ ಎಷ್ಟರಮಟ್ಟಿಗೆ ನಂಬತಕ್ಕದ್ದು, ಅದು ಏನನ್ನು ಹೇಳುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮುಂದೆ ಪ್ರತಿಪಾದಿಸಲಿರುವ ಮುಖ್ಯ ವಿಚಾರ ಇಷ್ಟೇ: ಗಾಜಿನ ಬಳೆ ಒಡೆದು ಉಳಿಯಿತು; ಚಿನ್ನದ ಬಳೆ ಕರಗಿ ಅಳಿಯಿತು. ಈ ವ್ಯತ್ಯಾಸವನ್ನು ಲಕ್ಷಿಸದೆ ಬರೆದ ಆಭರಣಗಳ ಇತಿಹಾಸ ಏಕಪಕ್ಷೀಯವಾಗುತ್ತದೆ.

೧. ಪ್ರದೇಶ ಮತ್ತು ಜನ

ಈ ನಾಡು ಸಹ್ಯಾದ್ರಿಯ ದಟ್ಟ ಕಾಡು ಮುಗಿದು ಬಯಲುಸೀಮೆ ಮೊದಲಾಗುವ ಎಡೆ. ಪಡುವಣಕ್ಕೆ ಗೋವೆ, ಬಡಗಣಕ್ಕೆ ಬೆಳಗಾವಿ, ಮೂಡಣಕ್ಕೆ ಧಾರವಾಡದ ಸೀಮೆ, ತೆಂಕಣಕ್ಕೆ ಬನವಾಸಿಯ ನಾಡು. ಗೋವೆಯ ಕದಂಬರ ಹಲಸಿಗೆ ಹನ್ನೆರಡು ಸಾವಿರವೂ ಬನವಾಸಿ ಹನ್ನೆರಡು ಸಾವಿರವೂ ಇಲ್ಲಿ ಒಂದನ್ನೊಂದು ಸಮೀಪಿಸುತ್ತಿದ್ದವು. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ೧೮೮೩ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟ ಈ ಜಿಲ್ಲೆಯ ಒಂದೊಂದು ಜನಾಂಗದ ಉಡಿಗೆ ತೊಡಿಗೆಗಳನ್ನು ಬೇರೆಬೇರೆಯಾಗಿ ವರ್ಣಿಸುತ್ತದೆ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಮಾತನಾಡುವವರು, ಕುಣಬಿಗಳು, ಸಿದ್ದಿಗಳು, ಗೌಳಿಗಳು, ಲಂಬಾಣಿಗಳು ಒಂದೇ ಸಂತೆಗೆ ಬರುವ ನಾಡಿದು. ೧೯೫೫ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಕಾರಣದಿಂದ ದಾಂಡೇಲಿಗೆ ದೂರದ ಪ್ರಾಂತಗಳ ಕೆಲಸಗಾರರು ಬಂದರು. ೧೯೬೬ರಿಂದ ಮುಂಡಗೋಡದಲ್ಲಿ ಟಿಬೇಟಿ ನಿರಾಶ್ರಿತರು ನೆಲೆಸಿದರು. ೧೯೮೦ರ ದಶಕದಲ್ಲಿ ಕಾಳೀನದಿಯ ಅಣೆಕಟ್ಟಿನಿಂದ ಸೂಪಾ ಊರು ಮುಳುಗಿ, ಅದರ ಹೆಸರಿನಲ್ಲಿದ್ದ ತಾಲ್ಲೂಕು ಜೋಯಿಡಾ ಎನಿಸಿಕೊಂಡಿತು.

ಇಷ್ಟು ವಿವಿಧವಾದ ಜನಜೀವನಕ್ಕೆ ಸಾಮಾನ್ಯವಾದ ಒಂದು ವಸ್ತುವನ್ನು ಹುಡುಕುವುದಾದರೆ ಬಳೆ ಕೂಡಲೆ ಕಣ್ಣಿಗೆ ಬೀಳುತ್ತದೆ. ಕನ್ನಡದ ‘ಬಳೆ’, ಮರಾಠಿಯ ‘ಬಾಂಗಡಿ’, ಕೊಂಕಣಿಯ ‘ಕಾಂಕಣ’, ಲಂಬಾಣಿಯ ‘ಬಲಿಯಾ’ ಒಂದೇ ಬೀದಿಯಲ್ಲಿ ಕೇಳಿಬರುವ ಮಾತುಗಳು. ‘ಬಳೆ’ಯನ್ನು ಸಂಸ್ಕೃತ ‘ವಲಯ’ದ ತದ್ಭವವೆಂದು ಹಿಂದಿನವರು ಗಣಿಸುತ್ತಿದ್ದರು. ತಮಿಳಿನ ‘ವಳೈ’, ಮಲಯಾಳದ ‘ವಳ’ ಇವುಗಳೊಡನೆ ಹೋಲಿಸಿ, ಬಾಗು, ಸುತ್ತು ಎಂಬರ್ಥದ ದ್ರಾವಿಡ ಧಾತುವಿಗೆ ಅದನ್ನು ಸೇರಿಸುವುದು ಈಚಿನ ಭಾಷಾಶಾಸ್ತ್ರಜ್ಞರ ಮತ.

೨. ನೆಲದೊಳಗಿನ ಸಾಕ್ಷ್ಯ

ಭಾರತದಲ್ಲಿ ಬಳೆಯ ಪ್ರಾಚೀನತೆಗೆ ಮೊಹೆಂಜೋದಾರೋವಿನ ಕಂಚಿನ ನರ್ತಕಿಯೇ ಸಾಕ್ಷಿ. ಆಕೆಯ ಎಡತೋಳು ಹೆಗಲಿನ ಬಳಿಯಿಂದ ಮಣಿಕಟ್ಟಿನವರೆಗೆ ಬಳೆಗಳಿಂದ ತುಂಬಿದೆ. ಇಂದಿನ ಲಂಬಾಣಿ ಸ್ತ್ರೀಯರ ತೋಳುಗಳನ್ನು ಕಂಡವರಿಗೆ ಆ ವಿಗ್ರಹ ನೆನಪಾಗುವುದು ಸಹಜವೇ ಆದರೂ, ಹೋಲಿಕೆ ಮಾತ್ರದಿಂದ ವಂಶಸಂಬಂಧವನ್ನು ಕಲ್ಪಿಸುವುದು ಇತಿಹಾಸಕಾರನಿಗೆ ತಕ್ಕುದಲ್ಲ.

ಕರ್ನಾಟಕದಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರರು ಬ್ರಹ್ಮಗಿರಿಯಲ್ಲಿಯೂ ೧೯೫೪ರಲ್ಲಿ ಬಿ. ಕೆ. ಥಾಪರರು ಮಸ್ಕಿಯಲ್ಲಿಯೂ ನಡೆಸಿದ ಉತ್ಖನನಗಳಲ್ಲಿ ಶಂಖದ ಹಾಗೂ ಗಾಜಿನ ಬಳೆಗಳ ತುಂಡುಗಳು ದೊರೆತವು. ಸಮುದ್ರದಿಂದ ಬಹುದೂರದ ಮಸ್ಕಿಯಲ್ಲಿ ಶಂಖದ ಬಳೆ ದೊರೆಯಿತೆಂದರೆ ಕರಾವಳಿಗೂ ಒಳನಾಡಿಗೂ ವ್ಯಾಪಾರಸಂಬಂಧವಿದ್ದಿತೆಂದೇ ಅರ್ಥ. ಶಂಖವನ್ನು ಗರಗಸದಿಂದ ಅಡ್ಡಲಾಗಿ ಕೊಯ್ದು ಬಳೆ ಮಾಡುವ ಈ ಕಸುಬು ಬಂಗಾಳದಲ್ಲಿ ಇಂದಿಗೂ ಜೀವಂತವಾಗಿದೆ. ಟಿಬೇಟು ಮತ್ತು ಲಡಾಖಿನ ಸ್ತ್ರೀಯರಲ್ಲಿಯೂ ಶಂಖದ ಬಳೆ ತೊಡುವ ಪದ್ಧತಿ ಇದ್ದಿತೆಂಬುದು ಮುಂಡಗೋಡದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಗಮನಾರ್ಹ.

ಬಹಮನಿ ಸುಲ್ತಾನರ ಕಾಲಕ್ಕೆ ದಖ್ಖನಿನಲ್ಲಿ ಹಲವು ಬಣ್ಣಗಳನ್ನು ಕೂಡಿಸಿ ಮಾಡಿದ ಗಾಜಿನ ಬಳೆಗಳು ವಿಪುಲವಾಗಿ ಬಳಕೆಗೆ ಬಂದವು. ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ ೧೯೪೫-೪೬ರಲ್ಲಿ ನಡೆದ ಉತ್ಖನನದಿಂದ ಇದು ಸ್ಪಷ್ಟವಾಯಿತು. ಪುರಾತತ್ತ್ವಜ್ಞನು ಒಂದು ಮಣ್ಣಿನ ಪದರದ ಕಾಲವನ್ನು ನಿರ್ಣಯಿಸುವಾಗ ಇಂಥ ಬಳೆಯ ಚೂರುಗಳನ್ನು ನಾಣ್ಯದಂತೆಯೇ ಉಪಯೋಗಿಸಬಲ್ಲನು. ಬೀದಿಯಲ್ಲಿ ಒಡೆದುಬಿದ್ದ ಚೂರನ್ನು ಯಾರೂ ಹೆಕ್ಕಿಡಲಿಲ್ಲವಾದುದರಿಂದಲೇ ಅದು ನಮಗೆ ದೊರೆತಿದೆ.

೩. ಕಲ್ಲು ಮತ್ತು ಗ್ರಂಥಗಳ ಸಾಕ್ಷ್ಯ

ಚಿನ್ನದ ಬಳೆಗಳ ವಿಷಯ ಹೀಗಲ್ಲ. ಪ್ರಾಚೀನ ಕರ್ನಾಟಕದ ಚಿನ್ನದ ಬಳೆಗಳನ್ನು ನಾವು ಅರಿತಿರುವುದು ಹೆಚ್ಚಾಗಿ ಪ್ರತಿಬಿಂಬಗಳಿಂದ. ಬೇಲೂರಿನ ಮದನಿಕೆಯರ ಮುಂಗೈಗಳಲ್ಲಿ ಸಾಲುಬಳೆಗಳೂ ತೋಳುಗಳಲ್ಲಿ ಕೇಯೂರಗಳೂ ಇವೆ. ಅಲ್ಲಿಯ ಮೃದುವಾದ ಬಳಪದ ಕಲ್ಲು ಅಕ್ಕಸಾಲೆಯ ಕುಸುರಿಯನ್ನು ಶಿಲ್ಪಿಯ ಉಳಿಗೆ ಸಾಧ್ಯವಾಗಿಸಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಆಭರಣಗಳಿಗಾಗಿಯೇ ಒಂದು ಪ್ರಕರಣ ಮೀಸಲಾಗಿದೆ. ವಿಜಯನಗರಕ್ಕೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಮೆರವಣಿಗೆಯಲ್ಲಿ ಬಂದ ಅರಮನೆಯ ಸ್ತ್ರೀಯರು ಬಳೆಗಳ ಭಾರವನ್ನು ಹೊರಲಾರದೆ ಇತರ ಸ್ತ್ರೀಯರು ಅವರ ತೋಳುಗಳಿಗೆ ಆಸರೆಯಾಗಿ ನಡೆಯುತ್ತಿದ್ದರೆಂದು ಬರೆದಿದ್ದಾನೆ.

ಇವೆಲ್ಲ ಬೆಲೆಯುಳ್ಳ ಸಾಕ್ಷ್ಯಗಳು. ಆದರೆ ಅರಮನೆ ಮತ್ತು ದೇವಾಲಯಗಳ ಸಾಕ್ಷ್ಯಗಳು. ಹೀಗಾಗಿ ನಮ್ಮ ಕೈಗೆ ಬಂದಿರುವುದು ಎರಡು ತುದಿಗಳು ಮಾತ್ರ: ಮಣ್ಣಿನಲ್ಲಿ ಸಾಮಾನ್ಯ ಸ್ತ್ರೀಯ ಗಾಜಿನ ಬಳೆ, ಕಲ್ಲಿನಲ್ಲಿ ರಾಣಿಯ ಚಿನ್ನದ ಬಳೆ. ನಡುವಣ ಒಕ್ಕಲುಮನೆಯ, ವರ್ತಕರ ಮನೆಯ ಬಂಗಾರ ಎರಡು ಕಡೆಯೂ ಕಾಣುವುದಿಲ್ಲ.

೪. ಗಾಜು: ಕಸುಬು ಮತ್ತು ಸಂಸ್ಕಾರ

ಗಾಜಿನ ಬಳೆಯ ದೇಶೀ ಕೈಗಾರಿಕೆಯನ್ನು ಪ್ರತ್ಯಕ್ಷ ನೋಡಿ ಬರೆದವರಲ್ಲಿ ಫ್ರಾನ್ಸಿಸ್ ಬುಕಾನನ್ ಮುಖ್ಯನು. ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಆತನು ಇಂದಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಬಳೆಯ ಗಾಜನ್ನು ಕುಲುಮೆಗಳಲ್ಲಿ ಕಾಸುತ್ತಿದ್ದ ರೀತಿಯನ್ನು ವಿವರಿಸಿದ್ದಾನೆ. ಸವಳು ಮಣ್ಣಿನ ಕ್ಷಾರ, ಬೆಣಚುಕಲ್ಲಿನ ಪುಡಿ, ಬಣ್ಣಕ್ಕಾಗಿ ಲೋಹಗಳ ಭಸ್ಮ, ಇವೇ ಇಂಥ ಗಾಜಿನ ಮೂಲದ್ರವ್ಯಗಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೊಹೀಮಿಯದ ಬಳೆಗಳೂ ಬಳಿಕ ಜಪಾನಿನ ಬಳೆಗಳೂ ಅಗ್ಗದ ಬೆಲೆಗೆ ಬಂದವು. ಅನಂತರ ಉತ್ತರ ಪ್ರದೇಶದ ಫಿರೋಜಾಬಾದು ದೇಶದ ಮಾರುಕಟ್ಟೆಯನ್ನೆಲ್ಲ ಆವರಿಸಿತು. ಒಳನಾಡಿನ ಕುಲುಮೆಗಳು ಆರಿದವು. ಬಳೆಗಾರನು ಮಾತ್ರ ಉಳಿದನು.

ಈ ಬಳೆಗಾರನ ಪಾತ್ರ ಕೇವಲ ವ್ಯಾಪಾರಿಯದಲ್ಲ. ಮದುಮಗಳಿಗೆ ಹಸಿರು ಬಳೆ ತೊಡಿಸುವುದು ಕೊಂಕಣಿಗರಲ್ಲಿ ‘ಚೂಡೊ’ ಎಂಬ ಹೆಸರಿನಿಂದ ಒಂದು ಸಂಸ್ಕಾರವೇ ಆಗಿದೆ. ಬಸುರಿಗೆ ಬಳೆ ತೊಡಿಸುವ ಶಾಸ್ತ್ರ ನಾಡಿನಲ್ಲೆಲ್ಲ ಸಾಮಾನ್ಯ. ಮರಾಠಿ ಮನೆಗಳಲ್ಲಿ ಬಳೆ ಒಡೆಯಿತೆಂದು ನುಡಿಯದೆ ‘ವಾಢವಿಲೀ’, ಎಂದರೆ ಹೆಚ್ಚಿತು, ಎಂದು ಹೇಳುವುದುಂಟು. ಒಡೆಯುವ ಮಾತಿಗೆ ಇಷ್ಟು ಅಂಜಿಕೆ ಏಕೆಂಬುದು ಸ್ಪಷ್ಟವೇ ಇದೆ: ಗಂಡ ಸತ್ತ ದಿನ ಹೆಂಡತಿಯ ಬಳೆಗಳನ್ನು ಬಲವಂತವಾಗಿ ಒಡೆಯುತ್ತಿದ್ದರು. ಲಂಬಾಣಿ ಸ್ತ್ರೀಯರಲ್ಲಿ ರಟ್ಟೆಯ ಮೇಲಿನ ಬಿಳಿಯ ಬಳೆಗಳು ಮುತ್ತೈದೆತನದ ಗುರುತಾಗಿದ್ದು, ವಿಧವೆಯಾದವಳು ಅವನ್ನು ತ್ಯಜಿಸಬೇಕಾಗಿತ್ತು. ನಮ್ಮ ಗಡಿಗೆ ಹೊಂದಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯತಿಯು ೨೦೨೨ರ ಮೇ ತಿಂಗಳಲ್ಲಿ ಬಳೆ ಒಡೆಯುವುದೇ ಮೊದಲಾದ ವೈಧವ್ಯದ ಆಚಾರಗಳನ್ನು ನಿಷೇಧಿಸುವ ನಿರ್ಣಯವನ್ನು ಕೈಕೊಂಡುದು ಸಾಮಾಜಿಕ ಇತಿಹಾಸದಲ್ಲಿ ದಾಖಲಾಗತಕ್ಕ ಘಟನೆ. ಗಾಜಿನ ಚೂರು ಸೌಂದರ್ಯದ ಅವಶೇಷವಷ್ಟೇ ಅಲ್ಲ, ದುಃಖದ ಅವಶೇಷವೂ ಆಗಿರಬಹುದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

೫. ಚಿನ್ನ: ಸ್ತ್ರೀಧನ ಮತ್ತು ಕುಲುಮೆ

ಮುಂಬಯಿ ಕರ್ನಾಟಕದಲ್ಲಿ ಬಂಗಾರದ ಬಳೆಗಳಿಗೆ ಪಾಟಲಿ, ಬಿಲ್ವಾರ, ಗೋಟು, ತೋಡೆ ಎಂಬ ಹೆಸರುಗಳಿವೆ. ಪಾಟಲಿ ಚಪ್ಪಟೆಯಾದ ಪಟ್ಟಿಬಳೆ. ಗೋಟು ಗುಂಡಾದ ದಪ್ಪ ಬಳೆ. ತೋಡೆ ಕೆತ್ತನೆಯುಳ್ಳ ಭಾರವಾದ ಕೈಗಡಗ. ಈ ಹೆಸರುಗಳಲ್ಲಿ ಹಲವು ಮರಾಠಿಗೂ ಕನ್ನಡಕ್ಕೂ ಸಮಾನವಾಗಿರುವುದು ಗಡಿನಾಡಿನ ಒಡನಾಟದ ಫಲ. ಘಟ್ಟದ ಮೇಲೆ ಪತ್ತಾರರು, ಕರಾವಳಿಯ ಕಡೆ ದೈವಜ್ಞ ಶೇಟರು ಈ ಕಸುಬಿನವರು. ಚಿನ್ನದ ತೆಳುತಗಡಿನೊಳಗೆ ಅರಗು ತುಂಬಿ ಕಡಿಮೆ ತೂಕದಲ್ಲಿ ದಪ್ಪ ಬಳೆ ಮಾಡುವುದನ್ನೂ, ತಿರುಪು ಬಿಚ್ಚಿ ತೊಡುವ ಕಡಗವನ್ನೂ ಅವರು ಬಲ್ಲವರಾಗಿದ್ದರು. ಚಿನ್ನದ ಬಳೆಯಿದ್ದವಳೂ ಗಾಜಿನ ಬಳೆಯನ್ನು ಬಿಡುತ್ತಿರಲಿಲ್ಲ. ಒಂದು ಸೌಭಾಗ್ಯಕ್ಕೆ, ಇನ್ನೊಂದು ಸ್ವತ್ತಿಗೆ.

‘ಸ್ವತ್ತು’ ಎಂಬ ಮಾತು ಇಲ್ಲಿ ಮುಖ್ಯವಾದುದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ಸ್ತ್ರೀಧನದ ವ್ಯಾಪ್ತಿಯನ್ನು ಬಹಳ ವಿಶಾಲವಾಗಿ ಅರ್ಥೈಸಿತು. ಆ ವ್ಯಾಖ್ಯಾನಕ್ಕೆ ಮೂಲವಾದ ಯಾಜ್ಞವಲ್ಕ್ಯಸ್ಮೃತಿ, ಬರಗಾಲ, ಧರ್ಮಕಾರ್ಯ, ರೋಗ, ಬಂಧನ ಈ ನಾಲ್ಕು ಸಂದರ್ಭಗಳಲ್ಲಿ ಗಂಡನು ತೆಗೆದುಕೊಂಡ ಸ್ತ್ರೀಧನವನ್ನು ಮರಳಿ ಕೊಡಬೇಕಾಗಿಲ್ಲವೆಂದು ವಿಧಿಸುತ್ತದೆ. ಹಕ್ಕು ಅವಳದು, ಆಪತ್ತಿನಲ್ಲಿ ಉಪಯೋಗ ಮನೆಯದು ಎಂಬ ಈ ತತ್ತ್ವವೇ ನಮ್ಮ ಒಕ್ಕಲುಮನೆಗಳಲ್ಲಿ ನಡೆದುಬಂದದ್ದು. ಮಳೆ ಕೈಕೊಟ್ಟ ವರ್ಷ ಪಾಟಲಿ ಅಡವಾಗುತ್ತಿತ್ತು, ಮಗಳ ಮದುವೆಗೆ ತಾಯಿಯ ತೋಡೆ ಕರಗಿ ಹೊಸ ಬಳೆಯಾಗುತ್ತಿತ್ತು. ಕೊಟ್ಟದ್ದು ಸ್ವಇಚ್ಛೆಯಿಂದಲೋ ಒತ್ತಾಯದಿಂದಲೋ ಎಂಬುದನ್ನು ಬಳೆ ಹೇಳುವುದಿಲ್ಲ. ಸ್ತ್ರೀಧನ ಸಂಪೂರ್ಣವಾಗಿ ಸ್ತ್ರೀಯದೇ, ಗಂಡನ ವಶದಲ್ಲಿದ್ದ ಮಾತ್ರಕ್ಕೆ ಅದು ಅವನದಾಗದು ಎಂದು ಸರ್ವೋಚ್ಚ ನ್ಯಾಯಾಲಯವು ೧೯೮೫ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಬೇಕಾಯಿತು.

ಹೀಗೆ ತಲೆಮಾರಿಗೊಮ್ಮೆ ಕುಲುಮೆಗೆ ಹೋಗುವ ವಸ್ತು ಮಣ್ಣಿನಲ್ಲಿ ಉಳಿಯುವುದೆಂತು? ಪತ್ತಾರನ ಅಂಗಡಿಯ ಕಸದಲ್ಲಿ ಬಿದ್ದ ಚಿನ್ನದ ಅರದ ಪುಡಿಯನ್ನೂ ತೊಳೆದು ತೆಗೆಯುವವರಿದ್ದರು. ಧಾರವಾಡ ಸೀಮೆಯಲ್ಲಿ ಅವರನ್ನು ಜಲಗಾರರೆನ್ನುತ್ತಿದ್ದರು. ಕಪ್ಪತ್ತಗುಡ್ಡದ ಹಳ್ಳಗಳ ಮರಳಿನಿಂದ ಚಿನ್ನ ತೆಗೆಯುತ್ತಿದ್ದವರೂ ಇವರೇ. ಚಿನ್ನ ನಾಶವಾಗುವುದಿಲ್ಲ, ಅದರ ಆಕಾರ ಮಾತ್ರ ನಾಶವಾಗುತ್ತದೆ. ಇತಿಹಾಸಕಾರನಿಗೆ ಬೇಕಾದುದಾದರೋ ಆ ಆಕಾರವೇ.

೬. ಆಧುನಿಕ ಕಾಲ

ಚೀನದ ಯುದ್ಧದ ಬೆನ್ನಲ್ಲೇ, ೧೯೬೩ರ ಜನವರಿಯಲ್ಲಿ, ಅರ್ಥಸಚಿವ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣವನ್ನು ಜಾರಿಗೆ ತಂದರು. ೧೪ ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆಗಳನ್ನು ಮಾಡುವುದು ನಿಷಿದ್ಧವಾಯಿತು. ೨೨ ಕ್ಯಾರಟ್ಟಿನ ಚಿನ್ನಕ್ಕೆ ಒಗ್ಗಿದ ಅಕ್ಕಸಾಲೆಗಳಿಗೆ ಇದು ದೊಡ್ಡ ಆಘಾತ. ದೇಶದಾದ್ಯಂತ ಸಹಸ್ರಾರು ಕುಟುಂಬಗಳು ಕಸುಬನ್ನು ಕಳೆದುಕೊಂಡವು. ೧೯೬೬ರಲ್ಲಿ ಈ ಕಟ್ಟು ಸಡಿಲವಾಯಿತಾದರೂ ೧೯೬೮ರ ಶಾಸನ ೧೯೯೦ರಲ್ಲಿ ರದ್ದಾಗುವವರೆಗೆ ನಿಯಂತ್ರಣ ಉಳಿದೇ ಇದ್ದಿತು. ೨೦೨೧ರ ಜೂನಿನಿಂದ ಹಂತಹಂತವಾಗಿ ಶುದ್ಧತೆಯ ಮುದ್ರೆ ಕಡ್ಡಾಯವಾಗಿದೆ. ಗ್ರಾಹಕರ ಹಿತದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಮುದ್ರೆಯಿಲ್ಲದ ಹಳೆಯ ಬಳೆ ಅಂಗಡಿಗೆ ಬಂದರೆ ಕರಗುವುದೇ ಅದರ ಗತಿ.

ಇದಕ್ಕೆ ಪ್ರತಿಯಾಗಿ ಪಾಶ್ಚಾತ್ಯ ದೇಶಗಳ ಹಳೆಯ ಆಭರಣಗಾರರ ಪದ್ಧತಿಯನ್ನು ನೋಡಬಹುದು. ೧೮೪೭ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಕಾರ್ಟಿಯೇ ಸಂಸ್ಥೆಯ ಜಾಕ್ ಕಾರ್ಟಿಯೇ ೧೯೧೧ರ ದಿಲ್ಲಿ ದರ್ಬಾರಿನ ಕಾಲಕ್ಕೆ ಭಾರತಕ್ಕೆ ಬಂದಿದ್ದನು. ೧೯೨೦ರ ದಶಕದಲ್ಲಿ ಆ ಸಂಸ್ಥೆ ಮಾಡಿದ, ಎರಡು ಮೃಗಮುಖಗಳು ಎದುರುಬದುರಾಗಿರುವ ಕಡಗಗಳಿಗೆ ಭಾರತದ ಮಕರಮುಖದ ಕಡಗವೇ ಪ್ರೇರಣೆ. ೧೯೬೯ರಲ್ಲಿ ಆಲ್ಡೊ ಚಿಪುಲ್ಲೊ ನ್ಯೂಯಾರ್ಕಿನಲ್ಲಿ ಅದೇ ಸಂಸ್ಥೆಗಾಗಿ ರೂಪಿಸಿದ, ತಿರುಪುಳಿಯಿಂದ ಬಿಗಿಯುವ ಚಿನ್ನದ ಕಡಗ ಜಗತ್ಪ್ರಸಿದ್ಧವಾಯಿತು. ತಿರುಪಿನ ಕಡಗ ನಮ್ಮ ಪತ್ತಾರನಿಗೆ ಹೊಸತಾಗಿರಲಿಲ್ಲ. ವ್ಯತ್ಯಾಸವಿರುವುದು ಕೌಶಲದಲ್ಲಿ ಅಲ್ಲ, ದಾಖಲೆಯಲ್ಲಿ. ಅಲ್ಲಿ ನಕ್ಷೆ, ಲೆಕ್ಕದ ಪುಸ್ತಕ, ಛಾಯಾಚಿತ್ರಗಳು ಉಳಿದಿವೆ. ತಾವೇ ಮಾರಿದ ಹಳೆಯ ಒಡವೆಗಳನ್ನು ಮರಳಿ ಕೊಂಡು ಸಂಗ್ರಹಾಲಯದಂತೆ ಕಾಪಾಡಿದ್ದಾರೆ. ಆದ್ದರಿಂದ ಅಲ್ಲಿಯ ಹಳೆಯ ಬಳೆಗೆ ಚಿನ್ನದ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಬೆಲೆ. ನಮ್ಮಲ್ಲಿ ಹಳೆಯ ಬಳೆಯ ಬೆಲೆಯೆಂದರೆ ಸವೆತ, ಬೆಸುಗೆ, ಅರಗುಗಳನ್ನು ಕಳೆದು ಉಳಿದ ಚಿನ್ನದ ತೂಕವಷ್ಟೇ. ಮಾಡಿದವನ ಹೆಸರಿಗೂ ತೊಟ್ಟವಳ ಹೆಸರಿಗೂ ತಕ್ಕಡಿಯಲ್ಲಿ ತೂಕವಿಲ್ಲ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಒಂದು ನೆಲೆಯಲ್ಲಿ ಗಾಜಿನ ಬಳೆಗಳು ಮಾತ್ರ ದೊರೆತರೆ ಅಲ್ಲಿಯ ಜನ ಬಡವರಾಗಿದ್ದರೆಂದು ತೀರ್ಮಾನಿಸಲಾಗದು. ಚಿನ್ನ ಇಲ್ಲದಿರುವುದು ಬಡತನದ ಗುರುತಾಗಿರುವಂತೆ ಪುನರುಪಯೋಗದ ಗುರುತೂ ಆಗಿರಬಹುದು. ಎರಡನೆಯದಾಗಿ, ನಡುವಣ ವರ್ಗದ ಚಿನ್ನದ ಬಳೆಯ ಇತಿಹಾಸಕ್ಕೆ ಉತ್ಖನನಕ್ಕಿಂತ ಮನೆಯ ಪೆಟ್ಟಿಗೆಯೂ ಹಿರಿಯರ ನೆನಪೂ ಹೆಚ್ಚಿನ ಆಧಾರಗಳು; ಇವೆರಡೂ ಶೀಘ್ರವಾಗಿ ಕ್ಷಯಿಸತಕ್ಕವು. ಸೂಪಾ ಊರು ಮುಳುಗಿದಾಗ ಅದರ ಬೀದಿಗಳ ಗಾಜಿನ ಚೂರುಗಳು ನೀರಿನಡಿಗೆ ಸೇರಿದವು. ಸ್ಥಳಾಂತರಗೊಂಡ ಕುಟುಂಬಗಳು ಜೊತೆಗೆ ಒಯ್ಯಬಹುದಾಗಿದ್ದ ಒಡವೆಯಾದರೋ ಹೊಸ ಊರಿನ ಸಂಸಾರದ ಖರ್ಚಿಗೆ ಮೊದಲು ಒದಗುವ ವಸ್ತು.

ಈ ಕೆಲಸಕ್ಕೆ ದೊಡ್ಡ ಸಾಧನಗಳು ಬೇಕಿಲ್ಲ. ಬಳೆಯ ಹೆಸರು ಆ ಮನೆಯ ಮಾತಿನಲ್ಲಿ ಏನು, ಒಳಸುತ್ತಿನ ಅಳತೆ ಎಷ್ಟು, ತೂಕ ಎಷ್ಟು ತೊಲೆ ಅಥವಾ ಗ್ರಾಂ, ಗಟ್ಟಿಯೋ ಅರಗಿನದೋ, ಯಾವ ಊರಿನ ಪತ್ತಾರನ ಕೈಕೆಲಸ, ಯಾರಿಂದ ಯಾರಿಗೆ ಬಂದುದು, ಯಾವ ವರ್ಷ ಅಡವಾಯಿತು, ಬಿಡಿಸಿದವರು ಯಾರು: ಇಷ್ಟನ್ನು ಒಡತಿಯ ಒಪ್ಪಿಗೆ ಪಡೆದು, ಹೆಸರನ್ನು ಗೋಪ್ಯವಾಗಿರಿಸಿ, ಒಂದು ಚಿತ್ರದೊಡನೆ ಬರೆದಿಟ್ಟರೆ ಸಾಕು. ಬಳೆಯನ್ನು ಕರಗಿಸಬೇಡಿರೆಂದು ಯಾರಿಗೂ ಹೇಳುವ ಅಧಿಕಾರ ನಮಗಿಲ್ಲ. ಅದು ಅವಳ ಸ್ವತ್ತು, ಅವಳ ಆಪತ್ತಿನ ಆಸರೆ. ಕರಗುವ ಮುನ್ನ ಅದರ ರೂಪವನ್ನು ಬರೆದಿಡುವ ಹೊಣೆ ಮಾತ್ರ ಇತಿಹಾಸದ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮೇಲಿದೆ.