ಗ್ರೀನ್ ಕಾರ್ಡಿನ ಸಾಲು ಮತ್ತು ನಮ್ಮ ಕೇರಿಯ ಸಾಲು

ಪೋಸ್ಟ್ ಉದ್ದ ಇದೆ. ಬಿಡುವಾದಾಗ ಓದಿ, ಆದ್ರೆ ಪೂರ್ತಿ ಓದಿ.

ಇವತ್ತು ಫೆಬ್ರವರಿ 19. 1923ರ ಇದೇ ದಿನ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಅನ್ನೋರ ಕೇಸಲ್ಲಿ ತೀರ್ಪು ಕೊಟ್ಟಿತು. (ನಮ್ಮ ಹುತಾತ್ಮ ಭಗತ್ ಸಿಂಗ್ ಅಲ್ಲ, ಇವರೇ ಬೇರೆ.) ಭಾರತೀಯರು ಬಿಳಿಯರಲ್ಲ, ಹಾಗಾಗಿ ಅವರಿಗೆ ಪೌರತ್ವ ಇಲ್ಲ ಅನ್ನೋದು ತೀರ್ಪು. ಇದನ್ನ ಇಲ್ಲಿನ ನಮ್ಮ ಜನ ಜನಾಂಗೀಯ ಅನ್ಯಾಯ ಅಂತ ನೆನೆಸ್ಕೋತಾರೆ. ಅನ್ಯಾಯ ಹೌದು, ಎರಡು ಮಾತಿಲ್ಲ. ಆದ್ರೆ ಆ ಕೇಸಲ್ಲಿ ನಮ್ಮ ಕಡೆಯಿಂದ ಏನು ವಾದ ಮಾಡಿದರು ಅನ್ನೋದನ್ನ ಹೇಳುವಾಗ ಎಲ್ಲರ ದನಿ ಸಣ್ಣಗಾಗುತ್ತೆ. ಅದನ್ನ ಇವತ್ತು ಹೇಳಬೇಕು.

ಅದಕ್ಕೂ ಮುಂಚೆ ನನ್ನ ಕಥೆ ಎರಡು ಸಾಲು. ನಾನು ಇಲ್ಲಿಗೆ ಬಂದಿದ್ದು 2011ರಲ್ಲಿ, ಎಚ್-1ಬಿ ವೀಸಾದಲ್ಲಿ. ಕಂಪನಿ ನನ್ನ ಹೆಸರಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದು 2014ರಲ್ಲಿ. ಕಾರ್ಡು ಕೈಗೆ ಬಂದಿದ್ದು 2022ರ ಆಗಸ್ಟಲ್ಲಿ. ಬೆಂಗಳೂರಲ್ಲಿ ಗುತ್ತಿಗೆ ಪೌರಕಾರ್ಮಿಕಳಾಗಿರೋ ನಮ್ಮ ದೊಡ್ಡಮ್ಮ ಈ ಹನ್ನೊಂದು ವರ್ಷವೂ ಫೋನಲ್ಲಿ ಕೇಳ್ತಿದ್ದ ಪ್ರಶ್ನೆ ಒಂದೇ: "ನಿಂದು ಪರ್ಮನೆಂಟ್ ಆಯ್ತೇನಪ್ಪಾ?" ನಾನೂ ತಿರುಗಿ ಕೇಳ್ತಿದ್ದೆ: "ನಿಂದು ಆಯ್ತಾ ದೊಡ್ಡಮ್ಮಾ?" ಇಬ್ಬರೂ ನಗ್ತಿದ್ವಿ. ನಗೋ ವಿಷಯ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಈಗ ಚರಿತ್ರೆಗೆ ಬರ್ತೀನಿ.

ಅಮೆರಿಕದ 1790ರ ಕಾನೂನಿನ ಪ್ರಕಾರ ಹೊರಗಿಂದ ಬಂದವರಲ್ಲಿ ಪೌರತ್ವ ಸಿಗ್ತಿದ್ದುದು ಗುಲಾಮರಲ್ಲದ ಬಿಳಿಯರಿಗೆ ಮಾತ್ರ. ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರು ಎರಡರಲ್ಲೂ ಇಲ್ಲ. 1917ರ ಕಾನೂನು ಬಂದ ಮೇಲಂತೂ ಭಾರತದ ಕೂಲಿಕಾರರು ಒಳಗೆ ಕಾಲಿಡೋದೇ ನಿಂತುಹೋಯ್ತು. ಮೊದಲೇ ಬಂದು ಹೊಲ, ಮರದ ಮಿಲ್ಲು, ರೈಲು ಹಳಿಗಳಲ್ಲಿ ದುಡೀತಿದ್ದವರು ಮಾತ್ರ ಉಳಿದರು, ಅದೂ ಯಾವ ಹಕ್ಕೂ ಇಲ್ಲದೆ.

ಥಿಂಡ್ ಪಂಜಾಬಿನ ಸಿಖ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಪೌರತ್ವ ಕೇಳಿದರು. ಹೇಗೆ ಕೇಳಿದರು? ನಾನು ಮನುಷ್ಯ, ಈ ದೇಶದ ಸಮವಸ್ತ್ರ ತೊಟ್ಟಿದ್ದೀನಿ ಅಂತ ಕೇಳಿದ್ದರೆ ಕಾನೂನು ಕಿವಿಗೆ ಹಾಕ್ಕೋತಿರಲಿಲ್ಲ. ಬಾಗಿಲ ಮೇಲೆ 'ಬಿಳಿಯರು' ಅಂತ ಬರೆದಿತ್ತು. ಹಾಗಾಗಿ ಅವರ ಪರ ವಾದ ಹೀಗಿತ್ತು: ಇವರು ಮೇಲ್ಜಾತಿಯವರು, ಆರ್ಯ ಮೂಲದವರು. ಭಾರತದ ಜಾತಿ ಪದ್ಧತಿ ಇವರ ರಕ್ತ ಬೆರಕೆಯಾಗದ ಹಾಗೆ ಕಾಪಾಡಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮದುವೆ ವಿಷಯದಲ್ಲಿ ಅಮೆರಿಕದ ಬಿಳಿಯ ಕರಿಯರನ್ನ ಹೇಗೆ ನೋಡ್ತಾನೋ, ನಮ್ಮ ಮೇಲ್ಜಾತಿಯವನೂ ಭಾರತದ ಮೂಲನಿವಾಸಿಗಳನ್ನ ಹಾಗೇ ನೋಡ್ತಾನೆ ಅಂದರು.

ಇನ್ನೊಂದ್ಸಲ ಓದಿ. ಪೌರತ್ವ ಪಡೆಯೋಕೆ ಕೋರ್ಟಿನ ಮುಂದೆ ಇಟ್ಟ ಅರ್ಹತೆ ಅಸ್ಪೃಶ್ಯತೆ. ನಮ್ಮನ್ನ ಮುಟ್ಟದೆ ಇದ್ದುದೇ ಅವರ ಸರ್ಟಿಫಿಕೇಟು.

ನ್ಯಾಯಮೂರ್ತಿ ಸದರ್‌ಲ್ಯಾಂಡ್ ಬರೆದ ತೀರ್ಪು ಇದನ್ನ ಒಪ್ಪಲಿಲ್ಲ. ಪಂಡಿತರು ಏನೇ ಹೇಳಲಿ, ಸಾಮಾನ್ಯ ಅಮೆರಿಕನ್ನನ ತಿಳುವಳಿಕೆಯಲ್ಲಿ ನೀವು ಬಿಳಿಯರಲ್ಲ ಅಂದುಬಿಟ್ಟರು. ಬೆರಕೆ ತಡೆಯೋದ್ರಲ್ಲಿ ಜಾತಿ ಪೂರ್ತಿ ಯಶಸ್ವಿ ಆದಂಗಿಲ್ಲ ಅಂತಲೂ ಸೇರಿಸಿದರು. ಕೊನೆಗೆ ಮೇಲ್ಜಾತಿ ಅನ್ನೋ ದಾಖಲೆ ಅಲ್ಲಿ ನಡೀಲಿಲ್ಲ.

ಪರಿಣಾಮ ಕ್ರೂರವಾಗಿತ್ತು. ಅದಾಗಲೇ ಪೌರರಾಗಿದ್ದ ಎಷ್ಟೋ ಭಾರತೀಯರ ಪೌರತ್ವ ಕಿತ್ತುಕೊಂಡರು. ಪೌರತ್ವಕ್ಕೆ ಅರ್ಹತೆ ಇಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಜಮೀನು ಇಟ್ಟುಕೊಳ್ಳೋ ಹಾಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯಿ ಕಾಯಂ ಅಂದ್ಕೊಂಡಿದ್ದ ಬದುಕು ಕೈತಪ್ಪಿ, 1928ರಲ್ಲಿ ಜೀವ ಕಳಕೊಂಡರು. ಥಿಂಡ್ ಅವರಿಗೆ ಪೌರತ್ವ ಸಿಕ್ಕಿದ್ದು 1936ರಲ್ಲಿ, ಮಾಜಿ ಸೈನಿಕರಿಗಾಗಿ ಬಂದ ಬೇರೆ ಕಾನೂನಿನಿಂದ.

ಥಿಂಡ್ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಬೀಗ ಬಿಳಿಯರು ಹಾಕಿದ್ದು. ಆದ್ರೆ ಅದನ್ನ ತೆಗೆಯೋಕೆ ಯಾವ ಕೀಲಿ ಹುಡುಕಿದರು ಅನ್ನೋದನ್ನ ನಾವು ಮರೀಬಾರದು.

ಅದೇ ಕಾಲದಲ್ಲಿ ಅದೇ ಕ್ಯಾಲಿಫೋರ್ನಿಯಾದಲ್ಲಿ ನಮ್ಮವರೊಬ್ಬರಿದ್ದರು. ಮಂಗೂ ರಾಮ್. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯವರು, ಚರ್ಮದ ವ್ಯಾಪಾರ ಮಾಡ್ತಿದ್ದ ಕುಟುಂಬ. 1909ರಲ್ಲಿ ಬಂದು ಹಣ್ಣಿನ ತೋಟಗಳಲ್ಲಿ ದುಡಿದರು, ಗದರ್ ಪಕ್ಷ ಸೇರಿದರು. ಆಮೇಲೆ ಊರಿಗೆ ವಾಪಸ್ ಹೋಗಿ ನೋಡಿದರೆ ಅಸ್ಪೃಶ್ಯತೆ ಬಿಟ್ಟುಹೋದ ಜಾಗದಲ್ಲೇ ಕೂತಿತ್ತು. 1926ರಲ್ಲಿ ಆದ್-ಧರ್ಮ್ ಚಳವಳಿ ಕಟ್ಟಿದರು. 1931ರ ಜನಗಣತಿಯಲ್ಲಿ ಪಂಜಾಬಿನ 4 ಲಕ್ಷಕ್ಕೂ ಹೆಚ್ಚು ಜನ ತಮ್ಮ ಧರ್ಮ ಆದ್-ಧರ್ಮ್ ಅಂತ ಬರೆಸಿದರು. ಪರದೇಶದ ತಾತ್ಕಾಲಿಕ ಬದುಕಲ್ಲಿ ಕಂಡಿದ್ದನ್ನ ಊರಲ್ಲಿ ಕಾಯಂ ಮಾಡೋಕೆ ಹೊರಟ ಮನುಷ್ಯ ಅವರು.

ಬಾಬಾಸಾಹೇಬರದ್ದೂ ಅದೇ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕಿಗೆ ಬಂದರು, ಕೊಲಂಬಿಯಾದಲ್ಲಿ ಮೂರು ವರ್ಷ ಓದಿದರು, ಆಮೇಲೆ ಲಂಡನ್. ಬರೋಡಾ ಸಂಸ್ಥಾನದ ಕೆಲಸಕ್ಕೆ ಹಿಂದಿರುಗಿದಾಗ ಅಷ್ಟು ದೊಡ್ಡ ಊರಲ್ಲಿ ಅವರಿಗೊಂದು ಬಾಡಿಗೆ ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಜಾತಿ ಮುಚ್ಚಿಟ್ಟು ಇರಬೇಕಾಯ್ತು. ಗೊತ್ತಾದ ಮೇಲೆ ಜನ ದೊಣ್ಣೆ ಹಿಡಿದು ಬಂದರು. ಈ ಅನುಭವಗಳನ್ನೆಲ್ಲ ಬರೆದಿಟ್ಟ ಬರಹದ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ಅದ್ರಲ್ಲಿ ಪಾಸ್‌ಪೋರ್ಟು, ಎಂಬಸಿಯ ಮಾತು ಇಲ್ಲ. ಹುಟ್ಟಿದ ದೇಶದ ಒಳಗೆ ಬರೋಕೆ ಕಾಯ್ತಾ ನಿಂತವರ ಮಾತಿದೆ. ಎಚ್-1ಬಿಯಲ್ಲಿದ್ದಾಗ ಅದನ್ನ ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ.

ಬಾಗಿಲು ತೆರೆದದ್ದು ಹೇಗೆ? 1946ರಲ್ಲಿ ಲೂಸ್-ಸೆಲ್ಲರ್ ಕಾನೂನು ಬಂತು, ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ತು. ವಲಸೆಗೆ ಮಾತ್ರ ವರ್ಷಕ್ಕೆ 100 ಜನ. ಇಡೀ ಉಪಖಂಡದಿಂದ ಬರೀ 100! ನಿಜವಾಗಿ ಬಾಗಿಲು ತೆರೆದದ್ದು 1965ರ ಕಾನೂನು. ಅದು ಯಾರೋ ಪುಣ್ಯಾತ್ಮರ ದಾನ ಅಲ್ಲ. 1964ರ ನಾಗರಿಕ ಹಕ್ಕುಗಳ ಕಾನೂನು, 1965ರ ಮತದಾನದ ಹಕ್ಕಿನ ಕಾನೂನು, ಅದರ ಬೆನ್ನಿಗೇ ಈ ವಲಸೆ ಕಾನೂನು. ಕರಿಯರು ಲಾಠಿ, ನಾಯಿ, ಜೈಲು ಎದುರಿಸಿ ಜನಾಂಗದ ಲೆಕ್ಕಾಚಾರವನ್ನೇ ಅಲುಗಾಡಿಸಿದ್ದಕ್ಕೆ ನಮ್ಮ ಡಾಕ್ಟರು, ಎಂಜಿನಿಯರುಗಳು ವಿಮಾನ ಹತ್ತಿದರು. ಅದೇ ಹೋರಾಟದ ಕಿಡಿ ಹೊತ್ತು 1972ರಲ್ಲಿ ಬಾಂಬೆಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಇಲ್ಲಿ ಮನೆ ಮಾಡಿಕೊಂಡು "ಕರಿಯರ ಏರಿಯಾ ಬೇಡಪ್ಪಾ" ಅನ್ನೋ ನಮ್ಮವರು ಇದನ್ನ ಒಮ್ಮೆ ಯೋಚಿಸಲಿ.

ಈಗಿನ ಸಾಲು ಶುರುವಾಗಿದ್ದು 1990ರ ಕಾನೂನಿಂದ. ಈಗಿನ ರೂಪದ ಎಚ್-1ಬಿ ಅಲ್ಲಿಂದಲೇ. ಮೂರು ವರ್ಷದ ವೀಸಾ, ಆರು ವರ್ಷದವರೆಗೆ ಮುಂದುವರಿಸಬಹುದು. ಅರ್ಜಿ ಸಾಲಲ್ಲಿದ್ದರೆ ಆಮೇಲೂ ಮುಂದುವರಿಸಬಹುದು. ಕೆಲಸದ ಆಧಾರದ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಅದ್ರಲ್ಲೇ ಹೆಂಡತಿ ಮಕ್ಕಳೂ ಸೇರಬೇಕು. ಒಂದೊಂದು ದೇಶಕ್ಕೆ ಶೇ. 7ರ ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಹಾಗಾಗಿ ನಮ್ಮ ಸಾಲು ಕದಲೋದೇ ಇಲ್ಲ. ಸಾಲಲ್ಲಿರುವಾಗಲೇ ಮಗು 21 ದಾಟಿದ್ರೆ ಅಪ್ಪ-ಅಮ್ಮನ ಅರ್ಜಿಯಿಂದಲೇ ಹೊರಗೆ ಬೀಳಬಹುದು. ನನ್ನದು 2022ರಲ್ಲಿ ಬಂದಿದ್ದೂ ಅದೃಷ್ಟವೇ. ಕೊರೋನಾದಿಂದ ಕುಟುಂಬದ ಕೋಟಾದಲ್ಲಿ ಉಳಿದ ವೀಸಾಗಳು ಕೆಲಸದ ಕೋಟಾಕ್ಕೆ ಬಂದವು, ಸಾಲು ಸ್ವಲ್ಪ ದಿನ ಓಡಿತು. ಅದೇ ವರ್ಷದ ಕೊನೆಗೆ ದಿನಾಂಕ ಮತ್ತೆ ವರ್ಷಗಟ್ಟಲೆ ಹಿಂದಕ್ಕೆ ಹೋಯ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅರ್ಜಿ ನಮ್ಮದಲ್ಲ, ಕಂಪನಿದು. ಮೊದಲು ಕಾರ್ಮಿಕ ಇಲಾಖೆಯ ಅನುಮತಿ, ಆಮೇಲೆ ಐ-140, ಸರದಿ ಬಂದಾಗ ಕೊನೆಯ ಅರ್ಜಿ. ಕೆಲಸ ಹೋದ್ರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಸಿಗಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಟೀಮಿನ ಮ್ಯಾನೇಜರ್ ನಮ್ಮ ದೇಶದವನೇ ಆಗಿದ್ದು, ಊಟದ ಹೊತ್ತಲ್ಲಿ "ನಿಮ್ಮದು ಯಾವ ಕಡೆ? ವೆಜ್ಜಾ? ಮನೆದೇವರು ಯಾವುದು?" ಅಂತ ವಿಚಾರಿಸ್ತಾ ಬಂದ್ರೆ ನಿಮ್ಮ ಬಾಯಿಂದ ಏನು ಬರುತ್ತೆ? ಸುಳ್ಳು ಬರುತ್ತೆ.

2014ರಲ್ಲಿ ನಮ್ಮ ಟೀಮಲ್ಲಿ ಆಂಧ್ರದ ಒಬ್ಬ ಹುಡುಗ ಇದ್ದ. ಒಂದಿನ ಊಟಕ್ಕೆ ಕೂತಾಗ ಅವನ ಎಂಟ್ರೆನ್ಸ್ ರ‍್ಯಾಂಕ್ ಕೇಳಿದರು. ಹೇಳಿದ. "ಈ ರ‍್ಯಾಂಕಿಗೆ ಆ ಕಾಲೇಜಾ? ಹಾಗಾದ್ರೆ ಕೋಟಾ!" ಅಂತ ಒಬ್ಬ ಅಂದ. ಟೇಬಲ್ಲು ಪೂರ್ತಿ ನಕ್ಕಿತು. ನಾನೂ ನಕ್ಕೆ. ನಾನು ಓದಿದ್ದೂ ಮೀಸಲಾತಿ ಸೀಟಲ್ಲೇ. ನನ್ನ ಐ-140 ಆಗಿನ್ನೂ ಬಂದಿರಲಿಲ್ಲ. ಆ ಹುಡುಗ ತಲೆ ಎತ್ತಿ ನನ್ನನ್ನೇ ನೋಡಿದ. ಅವನಿಗೆ ನಾನು ಯಾರು ಅಂತ ಗೊತ್ತಿತ್ತೋ ಏನೋ. ಮೂರು ವರ್ಷ ಆದ್ಮೇಲೆ ಪ್ರಾಜೆಕ್ಟ್ ನಿಂತಾಗ ಮೊದಲು ಹೋದ ಕೆಲಸ ಅವನದ್ದು. 60 ದಿನದಲ್ಲಿ ಬೇರೆ ಸಿಗಲಿಲ್ಲ. ಊರಿಗೆ ವಾಪಸ್ ಹೋದ.

ತಮ್ಮಾ, ಇದು ನಿನ್ನ ಕಣ್ಣಿಗೆ ಬಿದ್ರೆ: ಅವತ್ತು ನಕ್ಕಿದ್ದಕ್ಕೆ ಕ್ಷಮಿಸು.

2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಒಂದು ದೊಡ್ಡ ಟೆಕ್ ಕಂಪನಿ ಮೇಲೆ ಜಾತಿ ತಾರತಮ್ಯದ ಕೇಸು ಹಾಕಿದಾಗ ನಮ್ಮೊಳಗೆ ಎಷ್ಟೋ ಜನ ಗುಟ್ಟಾಗಿ ಅತ್ತಿದ್ದೀವಿ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು, ಅಮೆರಿಕದಲ್ಲೇ ಮೊದಲ ನಗರ. ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 403 ಮಸೂದೆ ಎರಡೂ ಸದನದಲ್ಲಿ ಪಾಸಾಯ್ತು. ನಮ್ಮವರು ಉಪವಾಸ ಕೂತರು. ಅಕ್ಟೋಬರಲ್ಲಿ ಗವರ್ನರ್ ನ್ಯೂಸಮ್ ಇರೋ ಕಾನೂನೇ ಸಾಕು ಅಂತ ಅದನ್ನ ತಿರಸ್ಕರಿಸಿದರು.

ತಮಾಷೆ ಕೇಳಿ. ಶೇ. 7ರ ಮಿತಿ ವಿರುದ್ಧ ಇಲ್ಲಿನ ಭಾರತೀಯರ ವಾದ ಏನು ಗೊತ್ತಾ? "ಎಲ್ಲಿ ಹುಟ್ಟಿದ ಅನ್ನೋದರ ಮೇಲೆ ಮನುಷ್ಯನ ಸರದಿ ನಿರ್ಧಾರ ಆಗಬಾರದು." ಸರಿಯಾದ ಮಾತು, ನಾನೂ ಒಪ್ತೀನಿ. ಈ ಮಾತು ಹೇಳಿದವರಲ್ಲೇ ಕೆಲವರು ಎಸ್‌ಬಿ 403 ವಿರುದ್ಧ ಬೋರ್ಡು ಹಿಡಿದಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಹುಟ್ಟಿದ ದೇಶದ ತಾರತಮ್ಯ ಕಾಣುತ್ತೆ, ಹುಟ್ಟಿದ ಕೇರಿಯ ತಾರತಮ್ಯ ಕಾಣಲ್ಲ. 1923ರ ಕೀಲಿ ಇನ್ನೂ ಜೇಬಲ್ಲಿದೆ.

ಕಾರ್ಡು ಬಂದು ಒಂದೂವರೆ ವರ್ಷ ಆದ್ರೂ ನಾನು ಇದನ್ನ ಬರೆದಿರಲಿಲ್ಲ. ಅಂಬೇಡ್ಕರ್ ಜಯಂತಿ ಫೋಟೋಗಳಲ್ಲಿ ನಾನು ಯಾಕೆ ಕಾಣಲ್ಲ ಅಂತ ಕೆಲವರು ಕೇಳ್ತಿದ್ರಿ. ಕ್ಯಾಮೆರಾ ಹಿಡೀತಿದ್ದವನೇ ನಾನು, ಬೇಕಂತಲೇ. ಕಾಗದ ಕಾಯಂ ಆದ್ರೂ ಭಯ ರಜೆ ಹಾಕಲ್ಲ.

ಕೊನೆಗೆ ದೊಡ್ಡಮ್ಮನ ವಿಷಯ. 2022ರ ಜುಲೈನಲ್ಲಿ ಪೌರಕಾರ್ಮಿಕರು ನಮ್ಮನ್ನ ಕಾಯಂ ಮಾಡಿ ಅಂತ ಮುಷ್ಕರ ಮಾಡಿದ್ರಲ್ಲ, ಅವಳೂ ಹೋಗಿದ್ದಳು. ಮುಂದಿನ ತಿಂಗಳು ನನ್ನ ಕಾರ್ಡು ಬಂತು ಅಂತ ಹೇಳಿದಾಗ ಖುಷಿಪಟ್ಟಳು. ಆಮೇಲೆ ಕೇಳಿದಳು: "ಹಂಗಾರೆ ಈಗ ಅವರು ಏನಾದ್ರು ಅಂದ್ರೆ ನೀನು ತಿರುಗಿ ಅನ್ನಬೈದಾ?"

ಅನ್ನಬಹುದು ದೊಡ್ಡಮ್ಮಾ. ಅಂತಿದ್ದೀನಿ. ಏಪ್ರಿಲ್ 14ಕ್ಕೆ ಈ ಸಲ ಕ್ಯಾಮೆರಾ ಬೇರೆಯವರ ಕೈಲಿರುತ್ತೆ.

ಎಚ್-1ಬಿಯಲ್ಲಿರೋ ನಮ್ಮ ಹುಡುಗ ಹುಡುಗಿಯರೇ, ನೀವು ಇದಕ್ಕೆ ಲೈಕ್ ಒತ್ತಬೇಡಿ, ಶೇರ್ ಮಾಡಬೇಡಿ, ನನಗೆ ಅರ್ಥ ಆಗುತ್ತೆ. ಇನ್‌ಬಾಕ್ಸಿಗೆ ಬನ್ನಿ. ಕಾರ್ಡು ಸಿಕ್ಕಿರೋ ನಮ್ಮವರೇ, ನೀವು ಮಾತ್ರ ಶೇರ್ ಮಾಡಿ. ನಿಮ್ಮ ಹೆಸರಲ್ಲೇ ಮಾಡಿ.

ಜೈ ಭೀಮ್.