ಅಜ್ಜಿಯ ಉಡಿಕೆ, ಬಸವನಗುಡಿಯ ಡೈವೋರ್ಸು

ಗಾಂಧಿ ಬಜಾರಿನ ಯಾವ ಹೋಟೆಲಲ್ಲಿ ಕಾಫಿಗೆ ಕೂತರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತೆ: "ಸಾಫ್ಟ್‌ವೇರ್ ಬಂತು ನೋಡಿ, ಡೈವೋರ್ಸೂ ಬಂತು." ನಾನೂ ಅದೇ ಕೆಲಸದವನು. ಈ ಮಾತು ಕೇಳಿದಾಗೆಲ್ಲ ನನಗೆ ತುಮಕೂರು ಸೀಮೆಯ ನಮ್ಮಜ್ಜಿ ನೆನಪಾಗ್ತಾಳೆ. ಶಾಲೆಯ ಮೆಟ್ಟಿಲು ಹತ್ತದ ಆಕೆ, 1950ರ ದಶಕದಲ್ಲೇ ಗಂಡನನ್ನು ಬಿಟ್ಟು ಇನ್ನೊಬ್ಬನನ್ನು ಕಟ್ಟಿಕೊಂಡಿದ್ದಳು. ಆ ಇನ್ನೊಬ್ಬನೇ ನಮ್ಮ ತಾತ.

ಹಳೇ ಮೈಸೂರಿನ ಎಷ್ಟೋ ಬೇಸಾಯದ, ಕಸುಬಿನ ಜಾತಿಗಳಲ್ಲಿ ಇದು ಮಾಮೂಲು. ಹೊಂದಾಣಿಕೆ ಆಗಲಿಲ್ಲವೋ, ಕುಲದ ಯಜಮಾನರನ್ನು ಕೂರಿಸಿ ಬಿಡುಗಡೆ ಮಾಡಿಸಿಕೊಳ್ಳೋದು. ತೆರದ ದುಡ್ಡು, ಒಡವೆ ಎಲ್ಲದರ ಲೆಕ್ಕ ಅಲ್ಲೇ ತೀರುತ್ತಿತ್ತು. ಆಮೇಲೆ ಉಡಿಕೆ, ಕೆಲವು ಕಡೆ ಕೂಡಾವಳಿ ಅಂತಾರೆ. ಧಾರೆ ಇಲ್ಲ, ಓಲಗ ಇಲ್ಲ, ಗಂಡು ಕೊಟ್ಟ ಹೊಸ ಸೀರೆ ಉಟ್ಟರೆ ಮುಗೀತು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ಮಾಡಿದ ಜಾತಿಗಳ ಸಮೀಕ್ಷೆಯಲ್ಲಿ ಇದೆಲ್ಲ ದಾಖಲಾಗಿದೆ. ಹಾಗಂತ ಹೊಗಳೋದೂ ಬೇಡ. ಉಡಿಕೆಯಾದವಳನ್ನು ಶುಭಕಾರ್ಯದಲ್ಲಿ ಹಿಂದಕ್ಕೆ ನಿಲ್ಲಿಸ್ತಿದ್ದರು. ಕೆಲವು ಕುಲಗಳಲ್ಲಿ ಅವಳ ಮಕ್ಕಳದ್ದೇ ಬೇರೆ 'ಸಾಲು'. ಆದರೆ ಅವಳಿಗೊಂದು ಮನೆ, ಸಂಸಾರ ಅಂತ ಇರ್ತಿತ್ತು.

ಅದೇ ಕಾಲಕ್ಕೆ ಬೆಂಗಳೂರಲ್ಲಿ ಏನಿತ್ತು? 1890ರ ದಶಕದಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಎದ್ದವು. ಅಲ್ಲಿ ನೆಲೆಸಿದ ವಕೀಲರು, ಅಮಲ್ದಾರರ ಮನೆಗಳಲ್ಲಿ ಮದುವೆ ಏಳು ಜನ್ಮದ್ದು; ವಿಧವೆಗೆ ಕೇಶಮುಂಡನ, ಕೆಂಪು ಸೀರೆ. 1894ರಲ್ಲಿ ಮೈಸೂರು ಸರ್ಕಾರ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗೋದನ್ನೂ ನಿಷೇಧಿಸಿತು. ಅಂಥದ್ದಕ್ಕೂ ಒಂದು ಕಾನೂನು ಬೇಕಾಗಿತ್ತು ಅಂದ್ರೆ ಪರಿಸ್ಥಿತಿ ನೀವೇ ಊಹಿಸಿ. ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದ ಆರ್. ಕಲ್ಯಾಣಮ್ಮ ಬಾಲವಿಧವೆ. 1921ರಿಂದ ನಾಲ್ಕು ದಶಕ 'ಸರಸ್ವತಿ' ಪತ್ರಿಕೆ ನಡೆಸಿದರು. ಅವರಷ್ಟು ಗಟ್ಟಿ ಇಲ್ಲದವರು ಅಡುಗೆಮನೆಯಲ್ಲೇ ಸವೆದುಹೋದರು.

ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ವಿಚ್ಛೇದನ ಅನ್ನೋದೇ ಇಲ್ಲದ ಮನೆಗಳಿಗೆ ಅದು ಸಿಡಿಲು. ಆದರೆ ಅದೇ ಕಾಯಿದೆಯ 29ನೇ ಕಲಮು, ರೂಢಿಯ ಪ್ರಕಾರ ಆಗುವ ಬಿಡುಗಡೆಯನ್ನು ಮುಟ್ಟದೆ ಹಾಗೇ ಉಳಿಸಿತು. ಅಂದರೆ ನಮ್ಮಜ್ಜಿಯಂಥವರ ಪದ್ಧತಿ ಹಳೇದು ಅಂತ ಕಾನೂನೇ ಒಪ್ಪಿಕೊಂಡ ಹಾಗಾಯ್ತು. ಇಬ್ಬರೂ ಒಪ್ಪಿ ಬೇರೆಯಾಗೋ ಅವಕಾಶ ಕಾಯಿದೆಗೆ ಸೇರಿದ್ದು 1976ರಲ್ಲಿ. ಯಜಮಾನರ ಪಂಚಾಯ್ತಿಯಲ್ಲಿ ಅದು ಮೊದಲಿಂದ್ಲೂ ಇತ್ತು!

ವಿಚಿತ್ರ ಏನಪ್ಪಾ ಅಂದ್ರೆ, ಪೇಟೆಯವರು ಡೈವೋರ್ಸ್ ಕಲಿಯೋ ಹೊತ್ತಿಗೆ ಹಳ್ಳಿಯವರು ಉಡಿಕೆ ಮರೆತರು. ಅನುಕೂಲ ಬಂದ ಹಾಗೆ ಕೆಳಗಿನ ಜಾತಿಯವರು ಮೇಲಿನವರ ಆಚಾರ ಹಿಡಿಯೋದನ್ನ ಎಂ.ಎನ್. ಶ್ರೀನಿವಾಸ್ 'ಸಂಸ್ಕೃತೀಕರಣ' ಅಂದರು. ಅವರ ಪುಸ್ತಕ ಓದೋಕೆ ಮುಂಚೆ ನಾನದನ್ನ ಮನೆಯಲ್ಲೇ ನೋಡಿದ್ದೆ. 1990ರಲ್ಲಿ ನನ್ನ ಸೋದರತ್ತೆ 23ಕ್ಕೇ ಗಂಡನನ್ನು ಕಳ್ಕೊಂಡಳು. ಅಷ್ಟೊತ್ತಿಗೆ ನಮ್ಮಪ್ಪ ಮೇಷ್ಟ್ರು, ಮನೆಗೆ ತಾರಸಿ ಬಂದಿತ್ತು. ಒಳ್ಳೇ ಕಡೆಯಿಂದ ಕೇಳಿಕೊಂಡು ಬಂದವರಿಗೆ ತಾತ, "ನಮ್ಮ ಮನೇಲಿ ಅವೆಲ್ಲ ಇಲ್ಲ" ಅಂದುಬಿಟ್ಟರು. ಅಜ್ಜಿ ಒಳಗಿದ್ದಳು, ಮಾತಾಡಲಿಲ್ಲ.

2011ರ ಜನಗಣತಿಯಲ್ಲಿ ಮೊದಲ ಸಲ 'ವಿಚ್ಛೇದಿತರು', 'ಬೇರೆಯಾದವರು' ಅಂತ ಎರಡು ಲೆಕ್ಕ ಮಾಡಿದರು. ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ, ಕೋರ್ಟಿಗೆ ಹೋಗದೆ ಬೇರೆ ಇದ್ದವರು ಅದರ ಎರಡೂವರೆ ಪಟ್ಟು. ಮತ್ತೆ ಮದುವೆಯಾದವರು ಇದರಲ್ಲಿ ಬರಲ್ಲ, ಅವರನ್ನು 'ವಿವಾಹಿತರು' ಅಂತಲೇ ಬರ್ಕೋತಾರೆ. ಹಿಂದಿನ ಗಣತಿಗಳಲ್ಲೂ ನಮ್ಮಜ್ಜಿಯನ್ನು ಹಾಗೇ ಬರ್ಕೊಂಡಿದ್ದರು. ಅತ್ತೆ ಇವತ್ತಿಗೂ ವಿಧವೆಯರ ಕಾಲಮ್ಮಿನಲ್ಲಿದ್ದಾಳೆ.