ಕಾವಲಿನ ಹಾದಿ, ಕಾಲಿನ ಆರೋಗ್ಯ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಹೆಸರಿನಲ್ಲಿಯೇ ಹಳೆಯದೊಂದು ಜೀವನಕ್ರಮವು ಅಡಗಿರುವುದು. ಕಾವಲೆಂದರೆ ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುನೆಲ. ಮೈಸೂರು ಸೀಮೆಯ ಅಮೃತಮಹಲಿನ ಹಿಂಡುಗಳು ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ ಸಾಗುತ್ತಿದ್ದುವು. ಅವುಗಳ ಬೆನ್ನ ಹಿಂದೆ ಕಾಯುವವರು ಹರದಾರಿಗಟ್ಟಲೆ ನಡೆಯುತ್ತಿದ್ದರು. ನಡೆಯಿರೆಂದು ಅವರಿಗೆ ಯಾವ ವೈದ್ಯನೂ ಹೇಳಬೇಕಾಗಿರಲಿಲ್ಲ. ಈ ಕಾವಲಿನಲ್ಲಿಯೇ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯು ಆರಂಭವಾಯಿತು.

ಕುಳಿತು ದುಡಿಯುವುದರ ಕೇಡನ್ನು ಮೊದಲು ಲೆಕ್ಕಹಾಕಿ ತೋರಿಸಿದವರಲ್ಲಿ ಲಂಡನ್ನಿನ ಜೆರಿಮಿ ಮಾರಿಸ್ ಎಂಬ ವೈದ್ಯರು ಒಬ್ಬರು. ಅಲ್ಲಿಯ ಎರಡಂತಸ್ತಿನ ಬಸ್ಸುಗಳ ಚಾಲಕರಿಗಿಂತ, ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗವು ಕಡಮೆಯೆಂದು 1953ರಲ್ಲಿ ಅವರು ಪ್ರಕಟಿಸಿದರು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೇಹಶ್ರಮವನ್ನು ವಿಧಿಸಿತು.

ವಿಧಿಯನ್ನು ಓದಿ ನಡೆಯುವವರು ವಿರಳ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚತೊಡಗಿದುದು ಅವರು ಶಾಲೆ ಬಿಡದಿರಲೆಂದು, ಆರೋಗ್ಯಕ್ಕಾಗಿಯಲ್ಲ. ಆದರೂ ಬಸ್ಸಿಗೆ ಕಾಯದೆ ದಿನಕ್ಕೆರಡು ಬಾರಿ ಪೆಡಲು ತುಳಿದ ಹಳ್ಳಿಯ ಹುಡುಗಿಯು, ಆ ನಿಮಿಷಗಳಲ್ಲಿ ಒಳ್ಳೆಯ ಪಾಲನ್ನು ಗಡಿಯಾರ ನೋಡದೆಯೇ ತೀರಿಸಿದಳು.